ಹಳೇ ಕಾಗದಕ್ಕೆ ಯಾವ ಪ್ಲಾಸ್ಟಿಕ್ ಹಾಳೆ? ಲೇಪ ನೋಡಿ ಆರಿಸುವ ಬಗೆ

ಪಾಂಡವಪುರದ ದೊಡ್ಡಪ್ಪನ ಮನೆಯ ಟ್ರಂಕಿನಲ್ಲಿ ಒಂದು ಕ್ರಯಪತ್ರ ಇದೆ. ಮಹಾರಾಜರ ಕಾಲದ ಛಾಪಾ ಕಾಗದ. ತಲೆಬದಿಯಲ್ಲಿ ಗಂಡಭೇರುಂಡ, ಮಧ್ಯೆ ಶಾನುಭೋಗರ ಮೋಡಿ ಅಕ್ಷರ, ಕೆಳಗೆ ನೇರಳೆ ಮೊಹರು. 15 ವರ್ಷದ ಹಿಂದೆ ಅದನ್ನು ಲ್ಯಾಮಿನೇಷನ್ ಅಂಗಡಿಗೆ ಕೊಂಡೊಯ್ದವಳು ನಾನೇ. "ಇನ್ನು ನೂರು ವರ್ಷ ಯೋಚನೆ ಇಲ್ಲ ಬಿಡಿ ಅಕ್ಕ" ಅಂದಿದ್ದ ಅಂಗಡಿ ಹುಡುಗ. ಕೆಲವು ವರ್ಷ ಕಳೆದು ಒಂದು ಯುಗಾದಿಗೆ ತೆಗೆದು ನೋಡಿದರೆ ಅಂಚಿನಲ್ಲಿ ಪ್ಲಾಸ್ಟಿಕ್ಕು ಬಾಯಿ ಬಿಟ್ಟಿದೆ, ಮೊಹರಿನ ನೇರಳೆ ಬಣ್ಣ ಸುತ್ತಲೂ ಹಬ್ಬಿದೆ, ಹಳೇ ಮಡಿಕೆಯ ಗೆರೆಯಲ್ಲಿ ಕೂದಲೆಳೆಯಷ್ಟು ಕಂದು ಬಿರುಕು. ಮೇಲಿನ ಪ್ಲಾಸ್ಟಿಕ್ ಮಾತ್ರ ಮೊನ್ನೆ ತಂದ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಮೈಸೂರಿನ ಗ್ರಂಥಾಲಯವೊಂದರ ಬೈಂಡಿಂಗ್ ವಿಭಾಗದಲ್ಲಿ ಕೆಲಸ ಕಲಿತಾಗ ನನ್ನ ತಪ್ಪು ಎಲ್ಲಿತ್ತು ಅನ್ನೋದು ತಿಳಿಯಿತು. ಪ್ಲಾಸ್ಟಿಕ್ ಹಾಳೆ ಒಳ್ಳೆಯದೋ ಕೆಟ್ಟದ್ದೋ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಕಾಗದದ ಮೈಗೆ ತಾಗುವುದು ಆ ಹಾಳೆಯ ಮೇಲೆ ಬಳಿದಿರುವ ಲೇಪ. ಲೇಪದ ಬಗ್ಗೆ ಕೇಳುವವರು ಕಡಿಮೆ, ಹೇಳುವ ಅಂಗಡಿಯವರು ಇನ್ನೂ ಕಡಿಮೆ. ಮನೆಯ ಪತ್ರ, ಊರಿನ ವಾಚನಾಲಯದ ಹಳೇ ಸಂಚಿಕೆ, ಮಠದ ಕಡತ, ಶಾಲೆಯ ಸಣ್ಣ ಸಂಗ್ರಹಾಲಯದ ನಕ್ಷೆ, ಇಂಥವನ್ನು ಜೋಪಾನ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಳೆಯ ಜಾತಿ

ಕಣ್ಣಿಗೆ ಎಲ್ಲ ಪಾರದರ್ಶಕ ಹಾಳೆಯೂ ಒಂದೇ. ಒಳಗಿನ ಗುಣ ಬೇರೆ ಬೇರೆ.

ಪಿವಿಸಿ ಬೇಡವೇ ಬೇಡ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ದ್ರವ ಸೇರಿಸಿರುತ್ತಾರೆ. ಮೆತ್ತನೆಯ ಪಿವಿಸಿಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಇದೇ ಇರುತ್ತೆ. ವರ್ಷ ಕಳೆದಂತೆ ಅದು ಮೇಲಕ್ಕೆ ಒಸರಿ ಬರುತ್ತೆ. ಫೈಲಿನಲ್ಲಿಟ್ಟ ಜೆರಾಕ್ಸ್ ಪ್ರತಿಯ ಅಕ್ಷರಗಳು ಕವರಿಗೇ ಅಂಟಿಕೊಂಡು ಎದ್ದು ಬಂದದ್ದನ್ನು ನೀವೂ ನೋಡಿರಬಹುದು. ಕಾರಣ ಆ ಒಸರುವ ದ್ರವವೇ. ಪಿವಿಸಿ ಹಳತಾದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯನ್ನೂ ಬಿಡುತ್ತೆ, ಅದು ಕಾಗದವನ್ನು ಸುಡುತ್ತೆ. ಮದುವೆ ಫೋಟೋಗಳ ಆ ಹಳೇ ಅಂಟು ಗೆರೆಯ ಆಲ್ಬಮ್ಮುಗಳಲ್ಲಿ ಎರಡೂ ಕಾಟ ಒಟ್ಟಿಗೇ ಇರುತ್ತಿತ್ತು: ಕೆಳಗೆ ಗೋಂದು, ಮೇಲೆ ಪಿವಿಸಿ.

ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ಲೇಪವಿಲ್ಲದೆ ಸಿಕ್ಕರೆ ಪರವಾಗಿಲ್ಲ. ಸ್ಟೇಷನರಿ ಅಂಗಡಿಯ ಎಲ್ ಫೋಲ್ಡರ್ ಬಹಳಷ್ಟು ಪಾಲಿಪ್ರೊಪಿಲೀನೇ. ದಿನಬಳಕೆಗೆ ಸಾಕು. ಆದರೆ ಅದು ಬಾಗುತ್ತೆ, ಗೀಚಿಕೊಳ್ಳುತ್ತೆ, ಸ್ಫಟಿಕದಂಥ ತಿಳಿ ಅದಕ್ಕಿಲ್ಲ.

ನಮಗೆ ಬೇಕಾದದ್ದು ಪಾಲಿಯೆಸ್ಟರ್. ಮೈಲಾರ್, ಮೆಲಿನೆಕ್ಸ್ ಅನ್ನುವ ಹೆಸರಲ್ಲಿ ಜಗತ್ತಿನ ಪತ್ರಾಗಾರಗಳೆಲ್ಲ ಬಳಸಿಕೊಂಡು ಬಂದಿರುವ ಹಾಳೆ. ಉದ್ದಕ್ಕೂ ಅಗಲಕ್ಕೂ ಎಳೆದು ತಯಾರಿಸಿರುತ್ತಾರೆ, ಮೆತ್ತಗೆ ಮಾಡುವ ದ್ರವ ಅದಕ್ಕೆ ಬೇಕಿಲ್ಲ. ಗಟ್ಟಿ, ತಿಳಿ, ರಾಸಾಯನಿಕವಾಗಿ ತೆಪ್ಪಗಿರುತ್ತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1970ರ ದಶಕದಲ್ಲಿ ಇದರ ಹೊದಿಕೆಯ ವಿಧಾನವನ್ನು ರೂಢಿಗೆ ತಂದಿತು. ಅದಕ್ಕೆ ಎನ್‌ಕ್ಯಾಪ್ಸುಲೇಷನ್ ಅಂತಾರೆ. ಲ್ಯಾಮಿನೇಷನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಲ್ಯಾಮಿನೇಷನ್ನಿನಲ್ಲಿ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿ ಒಂದಾಗಿಬಿಡುತ್ತೆ. ಹೊದಿಕೆಯಲ್ಲಿ ಕಾಗದ ಎರಡು ಹಾಳೆಗಳ ನಡುವೆ ಸುಮ್ಮನೆ ಮಲಗಿರುತ್ತೆ, ಅಂಚು ಕತ್ತರಿಸಿದರೆ ಹೋದ ಹಾಗೇ ಹೊರಗೆ ಬರುತ್ತೆ.

ಮಂಡ್ಯ ಕಡೆಯವರಿಗೆ ಪಾಲಿಯೆಸ್ಟರ್ ಹಾಳೆ ಹೊಸದೇನಲ್ಲ. ಪಂಪ್‌ಸೆಟ್ ಮೋಟಾರು ಸುಟ್ಟಾಗ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿಯ ಕೆಳಗೆ ಹಾಕುವ ಆ ಬೆಳ್ಳನೆ ಗಟ್ಟಿ ಹಾಳೆ ಇದೇ ಕುಲದ್ದು. ಅಲ್ಲಿಂದ ತಂದು ಪತ್ರಕ್ಕೆ ಹಾಕಬೇಡಿ. ಅದು ಅಪಾರದರ್ಶಕ, ಕೆಲವು ಸಲ ಒಂದು ಮಗ್ಗುಲಿಗೆ ಕಾಗದ ಅಂಟಿಸಿರುತ್ತಾರೆ. ಆದರೆ ಒಂದು ಚೂರು ಕೇಳಿ ತಂದು ಬಾಗಿಸಿ ನೋಡಿ, ಅಲ್ಲಾಡಿಸಿ ಕೇಳಿ. ತಗಡಿನಂಥ ಆ ಚಟಪಟ ಸದ್ದು ಕಿವಿಯಲ್ಲಿ ಕೂತರೆ ಮುಂದೆ ಪಾಲಿಯೆಸ್ಟರನ್ನು ಗುರುತು ಹಿಡಿಯಲು ಸಲೀಸು.

ಲೇಪ ಏಕೆ ಬಳಿಯುತ್ತಾರೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಪ್ಲಾಸ್ಟಿಕ್ ಹಾಳೆ ತಯಾರಿಸುವವರ ಕಣ್ಣ ಮುಂದೆ ಇರುವುದು ಬಿಸ್ಕತ್ತು, ಚಿಪ್ಸು, ಕಾಫಿಪುಡಿ. ನಮ್ಮ ಹಳೇ ಪತ್ರ ಅವರ ಲೆಕ್ಕದಲ್ಲೇ ಇಲ್ಲ. ಮೈಸೂರಿನವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ಆಹಾರದ ಪ್ಯಾಕಿಂಗು ಒಂದು ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಪ್ಯಾಕಿಂಗಿನವರಿಗೆ ಹಾಳೆ ಬಿಸಿಗೆ ಬೇಗ ಅಂಟಬೇಕು, ಅದಕ್ಕೊಂದು ಲೇಪ. ಗಾಳಿ, ತೇವ ಒಳಗೆ ಹೋಗಬಾರದು, ಅದಕ್ಕೊಂದು. ಯಂತ್ರದಲ್ಲಿ ಜಾರಬೇಕು, ಮಸಿ ಹಿಡಿಯಬೇಕು, ಧೂಳು ಹತ್ತಬಾರದು, ಒಂದೊಂದಕ್ಕೂ ಒಂದೊಂದು. ಈ ಪದರ ಒಂದು ಮೈಕ್ರಾನಿನಷ್ಟೋ ಎರಡು ಮೈಕ್ರಾನಿನಷ್ಟೋ ದಪ್ಪ ಇರಬಹುದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಆರು ತಿಂಗಳು ಬಾಳುವ ಚಿಪ್ಸಿಗೆ ಅದು ಸರಿ. ನೂರು ವರ್ಷ ಬಾಳಬೇಕಾದ ಕಾಗದಕ್ಕೆ ಅದರ ಮಾತು ಬೇರೆ.

ಎಲ್ಲಕ್ಕಿಂತ ನಾನು ಹೆದರುವುದು ಪಿವಿಡಿಸಿ ಲೇಪಕ್ಕೆ, ಪಿವಿಸಿಯ ದಾಯಾದಿ ಪ್ಲಾಸ್ಟಿಕ್ಕಿನದು. ಗಾಳಿ, ತೇವ ತಡೆಯುವುದರಲ್ಲಿ ಅದು ಜಾಣ. ಆದರೆ ಅದರಲ್ಲಿ ಕ್ಲೋರೀನ್ ಇದೆ. ಹಳತಾದಂತೆ ಹಳದಿಗೆ ತಿರುಗಿ ಪಿವಿಸಿಯ ಹಾಗೆಯೇ ಆಮ್ಲ ಬಿಡುತ್ತೆ. ಹಾಳೆ ಅಪ್ಪಟ ಪಾಲಿಯೆಸ್ಟರ್ ಆಗಿದ್ದರೂ ಮೇಲೆ ಪಿವಿಡಿಸಿ ಇದ್ದರೆ ಪಿವಿಸಿ ತಂದಿಟ್ಟ ಹಾಗೇ ಲೆಕ್ಕ. ಹಳೇ ಕಾಲದ ಸೆಲ್ಲೋಫೇನ್ ಕಾಗದಕ್ಕೂ ತೇವ ತಡೆಯಲು ನೈಟ್ರೋಸೆಲ್ಯುಲೋಸ್ ಅಥವಾ ಪಿವಿಡಿಸಿ ಬಳಿಯುತ್ತಿದ್ದರು. ಎರಡೂ ಬೇಡ.

ಲ್ಯಾಮಿನೇಷನ್ ಕವರು ಕೂಡ ಲೇಪದ ಹಾಳೆಯೇ. ಹೊರಗೆ ಪಾಲಿಯೆಸ್ಟರ್, ಒಳಗೆ ಇವಿಎ ಅನ್ನುವ ಬಿಸಿಗೆ ಕರಗುವ ಪ್ಲಾಸ್ಟಿಕ್ ಅಥವಾ ಪಾಲಿಥಿನ್ ಜಾತಿಯ ಅಂಟು. 100 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಆ ಅಂಟು ಕರಗಿ ಕಾಗದದ ಎಳೆಗಳೊಳಕ್ಕೆ ಇಳಿಯುತ್ತೆ. ಇಳಿದ ಮೇಲೆ ತೆಗೆಯುವ ಮಾತಿಲ್ಲ. ದೊಡ್ಡಪ್ಪನ ಪತ್ರದ ಕಥೆ ಇದೇ: ಅಂಗಡಿಯವನು ಪಾಲಿಯೆಸ್ಟರ್ ಹಾಕಿದ್ದು ನಿಜ, ನನ್ನ ಪತ್ರಕ್ಕೆ ತಾಗಿದ್ದು ಅಂಟು.

ಹಿಂದೆ ಪಾಠವನ್ನು ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸುತ್ತಿದ್ದ ಓಎಚ್‌ಪಿ ಯಂತ್ರಕ್ಕೆ ಬಳಸುತ್ತಿದ್ದ ಪಾರದರ್ಶಕ ಹಾಳೆಯಲ್ಲೂ ಎಷ್ಟೋ ಸಲ ಮಸಿ ಹಿಡಿಯುವ ಲೇಪ ಇರುತ್ತೆ. ಕಾಲೇಜುಗಳ ಬೀರುವಿನಲ್ಲಿ ಡಬ್ಬಗಟ್ಟಲೆ ಉಳಿದಿದೆ, ಬಿಟ್ಟಿ ಸಿಗುತ್ತೆ ಅಂತ ಅದನ್ನು ತಂದು ಹಳೇ ಪತ್ರಕ್ಕೆ ಹೊದಿಸುವವರಿದ್ದಾರೆ. ತೇವದ ದಿನಗಳಲ್ಲಿ ಆ ಲೇಪ ಜಿಗುಟಾಗುತ್ತೆ, ಬೇಡ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಲೇಪದ ಹಾಳೆ ಒಳ್ಳೆಯದೇ, ಆದರೆ ಅದರ ಜಾಗ ಕಿಟಕಿಯ ಗಾಜು. ಹೊಳಪು ಕಡಿಮೆ ಮಾಡುವ ಮ್ಯಾಟ್ ಹಾಳೆಯ ಮೈ ಸ್ವಲ್ಪ ಒರಟು, ಫೋಟೋದ ಮೇಲೆ ಗೀರು ಬೀಳುತ್ತೆ.

ಅಂಗಡಿಯಲ್ಲಿ ಕೇಳುವ ರೀತಿ

"ಟ್ರಾನ್ಸ್‌ಪರೆಂಟ್ ಶೀಟ್ ಕೊಡಿ" ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಹೀಗೆ ಕೇಳಿ: ಪಾಲಿಯೆಸ್ಟರ್ ಫಿಲ್ಮು, ತಿಳಿ, ಎರಡೂ ಮಗ್ಗುಲು ಕೋಟಿಂಗ್ ಇಲ್ಲದ್ದು, 75 ಮೈಕ್ರಾನ್. ಹೀಟ್ ಸೀಲ್ ಆಗುತ್ತದೆಯೇ ಅಂತಲೂ ಕೇಳಿ. "ಚೆನ್ನಾಗಿ ಆಗುತ್ತೆ ಮೇಡಂ" ಅಂದರೆ ನಮಸ್ಕಾರ ಹೇಳಿ ಹೊರಡಿ, ಅದಕ್ಕೆ ಲೇಪ ಇದೆ. ತಯಾರಕರ ಡೇಟಾ ಶೀಟ್ ಕೊಡುವ ವ್ಯಾಪಾರಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅಲ್ಲೇ ಕೊಳ್ಳಿ. ಅದರಲ್ಲಿ ಎರಡು ಮೈಗಳ ಬಗ್ಗೆಯೂ ಬೇರೆ ಬೇರೆ ಬರೆದಿರುತ್ತಾರೆ. ಕೊರೋನಾ ಟ್ರೀಟೆಡ್ ಅಂತ ಕಂಡರೆ ಗಾಬರಿ ಬೇಡ, ವಿದ್ಯುತ್ತಿನಿಂದ ಮೈ ಹದ ಮಾಡಿದ್ದು ಅಷ್ಟೇ, ಏನನ್ನೂ ಬಳಿದಿರುವುದಿಲ್ಲ. ಆದರೂ ಅದೂ ಇಲ್ಲದ್ದು ಸಿಕ್ಕರೆ ಅದನ್ನೇ ಆರಿಸಿ.

ಫೋಟೋಗಳಿಗೆ ಬೇಕಾದರೆ ಐಎಸ್‌ಒ 18916 ಪರೀಕ್ಷೆ ದಾಟಿದ್ದೇ ಅಂತ ಕೇಳಿ. ಫೋಟೋದ ಜೊತೆ ಇಡುವ ವಸ್ತು ಚಿತ್ರವನ್ನು ಮಾಸಿಸುತ್ತದೆಯೇ ಅಂತ ನೋಡುವ ಪರೀಕ್ಷೆ ಅದು. ಡಬ್ಬದ ಮೇಲೆ "ಆರ್ಕೈವಲ್" ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ, ಆ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ದಪ್ಪದ ಲೆಕ್ಕ ಸುಲಭ. ಪೋಸ್ಟ್ ಕಾರ್ಡು, ಸಣ್ಣ ಪತ್ರಕ್ಕೆ 50 ಮೈಕ್ರಾನ್. ಎ4 ಅಳತೆಯ ದಾಖಲೆಗೆ 75. ಗ್ರಾಮನಕ್ಷೆ, ದೊಡ್ಡ ಪೋಸ್ಟರಿಗೆ 100ರಿಂದ 125.

ಮನೆಯಲ್ಲೇ ಮಾಡುವ ಐದು ಪರೀಕ್ಷೆ

ತಂದ ಹಾಳೆಯ ಮೂಲೆಯಿಂದ ಉಗುರಿನಷ್ಟಗಲದ ಹತ್ತು ಹನ್ನೆರಡು ಚೂರು ಕತ್ತರಿಸಿಕೊಳ್ಳಿ. ಸುರುಳಿಯ ಹೊರಮೈ ಯಾವುದು ಅಂತ ಪ್ರತಿ ಚೂರಿನ ಮೇಲೂ ಗುರುತು ಇರಲಿ, ಒಂದೇ ಕಡೆ ಲೇಪ ಇರುವ ಹಾಳೆ ಸಾಮಾನ್ಯ.

ಮೊದಲನೆಯದು ನೀರು. ಲೋಟದಲ್ಲಿ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಸೋಪು ಹಾಕದಿದ್ದರೆ ಗಾಳಿಗುಳ್ಳೆ ಹಿಡಿದು ಎಲ್ಲವೂ ತೇಲಿ ನಿಮ್ಮನ್ನು ಏಮಾರಿಸುತ್ತೆ. ಚೂರನ್ನು ಇಕ್ಕಳದಲ್ಲಿ ಮುಳುಗಿಸಿ ಬಿಡಿ. ಪಾಲಿಥಿನ್, ಪಾಲಿಪ್ರೊಪಿಲೀನ್ ಮೇಲಕ್ಕೆ ಬರುತ್ತೆ. ಪಾಲಿಯೆಸ್ಟರಿನ ಸಾಂದ್ರತೆ ಸುಮಾರು 1.38, ಅದು ತಳ ಸೇರುತ್ತೆ. ಪಿವಿಸಿಯೂ ತಳ ಸೇರುತ್ತೆ, ಹಾಗಾಗಿ ಇಲ್ಲಿಗೇ ನಿಲ್ಲಬೇಡಿ.

ಎರಡನೆಯದು ಬೆಂಕಿ. ಮನೆ ಹೊರಗೆ, ಗಾಳಿ ಆಡುವ ಕಡೆ ಮಾಡಿ, ಹೊಗೆ ಮೂಗಿಗೆ ಬರಬಾರದು. ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ. ಮೊದಮೊದಲು ಜ್ವಾಲೆಗೆ ಬಣ್ಣ ಬಂದರೆ ಅದು ಹೋಗುವ ತನಕ ಕಾಯಿರಿ. ಆಮೇಲೆ ಕೆಂಪಗೆ ಕಾದ ತಂತಿಯ ತುದಿಯನ್ನು ಹಾಳೆಯ ಮೈಗೆ ತಾಗಿಸಿ, ಹತ್ತಿದಷ್ಟನ್ನು ಮತ್ತೆ ಜ್ವಾಲೆಗೆ ಹಿಡಿಯಿರಿ. ಪಾಚಿಹಸಿರು ಬಣ್ಣ ಚಿಮ್ಮಿದರೆ ಕ್ಲೋರೀನ್ ಇದೆ ಅಂತ ಅರ್ಥ. ಒಂದೋ ಹಾಳೆಯೇ ಪಿವಿಸಿ, ಇಲ್ಲವೇ ಮೇಲೆ ಪಿವಿಡಿಸಿ ಬಳಿದಿದೆ. ಯಾವುದಾದರೂ ಸರಿ, ಹಾಳೆ ಬುಟ್ಟಿಗೆ. ಲೇಪ ತೆಳುವಾದ್ದರಿಂದ ತಂತಿಯನ್ನು ಚುಚ್ಚಬೇಡಿ, ಮೈಮೇಲೆ ಸವರಿದ ಹಾಗೆ ಎಳೆಯಿರಿ, ಎರಡೂ ಮಗ್ಗುಲಲ್ಲಿ. ನಮ್ಮಲ್ಲಿ ಒಂದು ಸುರುಳಿ ನೀರಿನ ಪರೀಕ್ಷೆ ದಾಟಿ, ಸದ್ದಿನಲ್ಲೂ ದಾಟಿ, ಒಳಮೈ ಪರೀಕ್ಷೆಯನ್ನೂ ದಾಟಿತ್ತು. ಹೊರಮೈ ಸವರಿದಾಗ ಒಂದು ಕ್ಷಣ ಮಾತ್ರ ಹಸಿರು ಮಿಂಚಿತು. ಕತ್ತಲೆ ಇರದಿದ್ದರೆ ಕಾಣುತ್ತಲೇ ಇರಲಿಲ್ಲ. ಸಂಜೆ ಹೊತ್ತು ಮಾಡುವುದು ಮೇಲು.

ಮೂರನೆಯದು ಇಸ್ತ್ರಿಪೆಟ್ಟಿಗೆ, ನನಗೆ ಅಚ್ಚುಮೆಚ್ಚು. ಪಾಲಿಯೆಸ್ಟರ್ ಕರಗಲು 250 ಡಿಗ್ರಿಯಷ್ಟು ಬೇಕು, ಲೇಪದ ಅಂಟು 100ರ ಆಸುಪಾಸಿಗೇ ಮೆತ್ತಗಾಗುತ್ತೆ. ಎರಡು ಚೂರು ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ಬಟರ್ ಪೇಪರ್ ಹಾಕಿ, ಮಧ್ಯಮ ಬಿಸಿಯಲ್ಲಿ ಹತ್ತು ಸೆಕೆಂಡು ಒತ್ತಿ. ಒಳಮೈ ಒಳಮೈಗೆ, ಹೊರಮೈ ಹೊರಮೈಗೆ, ಒಳಮೈ ಹೊರಮೈಗೆ, ಹೀಗೆ ಮೂರು ಸಲ. ಬಿಡಿ ಬಿಡಿಯಾಗಿ ಉದುರಿದರೆ ಸಂತೋಷ. ಯಾವ ಜೋಡಿ ಕಚ್ಚಿಕೊಂಡಿತೋ ಆ ಮೈಗೆ ಬಿಸಿಗೆ ಅಂಟುವ ಲೇಪ ಇದೆ. ನೀರಿನಲ್ಲಿ ತೇಲಿದ ಹಾಳೆಗೆ ಈ ಪರೀಕ್ಷೆ ಮಾಡಬೇಡಿ, ಪಾಲಿಥಿನ್ ಪೂರ್ತಿ ಕರಗಿ ಪೆಟ್ಟಿಗೆಗೆ ಮೆತ್ತಿಕೊಳ್ಳುತ್ತೆ. ನನ್ನ ತಂಗಿಯ ಇಸ್ತ್ರಿಪೆಟ್ಟಿಗೆ ಈ ವಿದ್ಯೆಗೆ ಬಲಿಯಾಗಿದೆ.

ನಾಲ್ಕನೆಯದು ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಇರುವುದು. ಹತ್ತಿಯಲ್ಲಿ ತೊಯಿಸಿ ಮೈ ಉಜ್ಜಿ. ಪಾಲಿಯೆಸ್ಟರ್ ಜಗ್ಗುವುದಿಲ್ಲ. ಮಂಕಾದರೆ, ಬೆರಳಿಗೆ ಜಿಗುಟು ಹತ್ತಿದರೆ ಲೇಪ ಇದೆ. ಇದು ಒಂದು ಕಡೆಗೆ ಮಾತ್ರ ನಂಬುವ ಪರೀಕ್ಷೆ. ಏನೂ ಆಗಲಿಲ್ಲ ಅಂದಮಾತ್ರಕ್ಕೆ ಲೇಪವಿಲ್ಲ ಅಂತ ಹೇಳಲಾಗದು, ಎಲ್ಲ ಲೇಪವೂ ಅಸಿಟೋನಿಗೆ ಕರಗುವುದಿಲ್ಲ. ಅಂದಹಾಗೆ ಪೂರ್ತಿ ಕರಗಿ ಅಂಟಾದರೆ ಕೈಯಲ್ಲಿರುವುದು ಬಹುಶಃ ಸೆಲ್ಯುಲೋಸ್ ಅಸಿಟೇಟ್, ಹಳೇ ಫಿಲ್ಮಿಗೆ ಬಳಸುತ್ತಿದ್ದ ಪ್ಲಾಸ್ಟಿಕ್.

ಐದನೆಯದಕ್ಕೆ ತಾಳ್ಮೆ ಬೇಕು. ಹಾಳೆಯ ಎರಡು ಚೂರಿನ ಮಧ್ಯೆ ಒಂದು ಜೆರಾಕ್ಸ್ ತುಂಡು, ಪಕ್ಕದಲ್ಲಿ ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ತಾಮ್ರದ ಚೂರು, ಬೆಳ್ಳಿಯ ಚೂರು ಇಟ್ಟು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಏಪ್ರಿಲ್ ತಿಂಗಳು ಮಹಡಿಯ ಬಿಸಿ ಕೋಣೆಯಲ್ಲಿ ಬಿಡಿ. ಹಾಳೆ ಇಲ್ಲದ ಇನ್ನೊಂದು ಸೀಸೆ ಹೋಲಿಕೆಗೆ ಇರಲಿ. ತಿಂಗಳ ಮೇಲೆ ತೆಗೆದಾಗ ಹುಳಿ ವಾಸನೆ, ಲೋಹದ ಮೇಲೆ ಕಲೆ, ಎದ್ದು ಬಂದ ಜೆರಾಕ್ಸ್ ಮಸಿ, ಯಾವುದು ಕಂಡರೂ ಹಾಳೆ ಬೇಡ. ಸಂಗ್ರಹಾಲಯಗಳಲ್ಲಿ ಮಾಡುವ ಆಡಿ ಪರೀಕ್ಷೆಯ ನಾಟಿ ರೂಪ ಇದು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರೂ ಆಡಿ ರೂಪಿಸಿದ ವಿಧಾನದಲ್ಲಿ ಬೆಳ್ಳಿ, ತಾಮ್ರ, ಸೀಸದ ಚೂರುಗಳನ್ನು ವಸ್ತುವಿನ ಜೊತೆ, ಸ್ವಲ್ಪ ನೀರಿನೊಂದಿಗೆ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ನಮ್ಮ ಮಹಡಿಯ ಪರೀಕ್ಷೆ ಅಷ್ಟು ಖಚಿತವಲ್ಲ, ಮಹಾ ಕೆಟ್ಟ ಹಾಳೆಯನ್ನು ಹಿಡಿದುಕೊಡುತ್ತೆ ಅಷ್ಟೇ. ಬೆಲೆಬಾಳುವ ಸಂಗ್ರಹವಿದ್ದರೆ ಪ್ರಯೋಗಾಲಯದವರನ್ನೇ ಕೇಳಬೇಕು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇರುವುದು ನಮ್ಮ ಪುಣ್ಯ.

ಇವಕ್ಕೆ ಹೊದಿಕೆ ಬೇಡ

ಪಾಲಿಯೆಸ್ಟರಿಗೆ ಒಂದು ಚಟ ಇದೆ. ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಹಗುರವಾದದ್ದನ್ನೆಲ್ಲ ಸೆಳೆದುಕೊಳ್ಳುತ್ತೆ. ಮೈಸೂರು ಶೈಲಿಯ ಚಿತ್ರ, ಗಂಜೀಫಾ ಎಲೆ, ಇದ್ದಿಲು ಅಥವಾ ಸೀಮೆಸುಣ್ಣದ ರೇಖಾಚಿತ್ರ, ಬಣ್ಣ ಪುಡಿಯಾಗಿ ಉದುರುತ್ತಿರುವ ಯಾವುದೇ ವಸ್ತುವಿನ ಹತ್ತಿರ ಇದನ್ನು ತರಬೇಡಿ. ಗೆಸ್ಸೋ, ಅಂದರೆ ಉಬ್ಬುಚಿತ್ತಾರಕ್ಕೆ ಹಚ್ಚುವ ಬಿಳಿ ಲೇಪ, ಅದರ ಮೇಲೆ ಕೂರಿಸಿದ ಚಿನ್ನದ ರೇಕು ಸಡಿಲವಾಗಿದ್ದರೆ ಒಂದೇ ಸಲಕ್ಕೆ ಹಾಳೆಗೆ ಹತ್ತಿಕೊಂಡು ಬರುತ್ತೆ.

ತಾಳೆಗರಿಗೂ ಬೇಡ. ಎಣ್ಣೆ ಸವರಿ, ಮರದ ಹಲಗೆಯ ಮಧ್ಯೆ ಇಟ್ಟು, ಬಟ್ಟೆಯಲ್ಲಿ ಸುತ್ತುವ ಹಳೇ ಪದ್ಧತಿಯಲ್ಲಿ ಗರಿ ಉಸಿರಾಡುತ್ತೆ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದಾಗ ಅವರ ಕೈಗೆ ಬಂದದ್ದು ಗ್ರಂಥ ಲಿಪಿಯ ತಾಳೆಗರಿ. ಪ್ಲಾಸ್ಟಿಕ್ ಹುಟ್ಟುವ ಮೊದಲಿನ ಜೋಪಾನ ಅದನ್ನು ಅಲ್ಲಿಯ ತನಕ ತಂದು ಮುಟ್ಟಿಸಿತ್ತು.

ಹಳೇ ನೆಗೆಟಿವ್‌ಗಳನ್ನೂ ಬಿಗಿಯಾಗಿ ಮುಚ್ಚಬಾರದು, ಅವು ಬಿಡುವ ಹುಳಿ ಆವಿ ಒಳಗೇ ಕುದಿಯುತ್ತೆ, ಕಾಗದದ ಲಕೋಟೆಯೇ ಸರಿ. ಹೊಳಪಿನ ಫೋಟೋ ತೇವಕ್ಕೆ ಹಾಳೆಗೆ ಅಂಟುತ್ತೆ. ಒದ್ದೆಯಾದದ್ದು, ಬೂಷ್ಟು ಹಿಡಿದದ್ದನ್ನು ಹೊದಿಸುವ ಮಾತು ಎತ್ತಲೇಬೇಡಿ.

ಹೊದಿಕೆ ಹಾಕುವುದು

ಕಾಲ ನೋಡಿ ಶುರು ಮಾಡಿ. ಮೈಸೂರು, ಮಂಡ್ಯದಲ್ಲಿ ಜನವರಿಯಿಂದ ಮಾರ್ಚಿ ತನಕ ಗಾಳಿ ಒಣಗಿರುತ್ತೆ, ಈ ಕೆಲಸಕ್ಕೆ ಅದೇ ಸುಗ್ಗಿ. ಆಷಾಢದಲ್ಲಿ ಮುಚ್ಚಿದರೆ ಆಷಾಢದ ತೇವವನ್ನೂ ಒಳಗಿಟ್ಟು ಮುಚ್ಚಿದ ಹಾಗೆ.

ಕಾಗದದ ಧೂಳನ್ನು ಮೆತ್ತನೆಯ ಕುಂಚದಲ್ಲಿ ಮಧ್ಯದಿಂದ ಅಂಚಿಗೆ ಗುಡಿಸಿ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ತುಕ್ಕು ಹಿಡಿದ ಕ್ಲಿಪ್ಪು ತೆಗೆಯಿರಿ. ಪೆನ್ಸಿಲ್ಲಿನಲ್ಲಿ ಬರೆದದ್ದಾದರೆ ಅಕ್ಷರದ ಮೇಲೆ ಕುಂಚ ಆಡಿಸಬೇಡಿ.

ಇನ್ನು ಆಮ್ಲದ ವಿಚಾರ. ಹಳೇ ಪತ್ರಿಕೆ, ಅಗ್ಗದ ಪುಸ್ತಕದ ಕಂದು ಹಾಳೆಗಳು ತಾವೇ ಆಮ್ಲ ಹುಟ್ಟಿಸಿಕೊಳ್ಳುತ್ತವೆ. ಅಂಥ ಕಾಗದವನ್ನು ನಾಲ್ಕೂ ಕಡೆ ಮುಚ್ಚಿದರೆ ಹೊರಗಿದ್ದುದಕ್ಕಿಂತ ಬೇಗ ಹಾಳಾಗುತ್ತೆ ಅಂತ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪರೀಕ್ಷೆಗಳಲ್ಲೇ ಕಂಡುಬಂತು. ಆಮ್ಲ ತೆಗೆಯುವ ನೀರಿನ ಸ್ನಾನ ತರಬೇತಿ ಇದ್ದವರ ಕೆಲಸ, ಶಾಯಿ ಹರಿದುಹೋಗುವ ಅಪಾಯ ಇದೆ. ಮನೆಯಲ್ಲಿ ಮಾಡಬಹುದಾದದ್ದು ಎರಡು. ಪತ್ರದ ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಕ್ಷಾರೀಯ ಕಾಗದ ಇಡಿ. ಪಿಎಚ್ ಪೆನ್ನಿನಲ್ಲಿ ಗೆರೆ ಎಳೆದರೆ ಕ್ಷಾರೀಯ ಕಾಗದದ ಮೇಲೆ ನೇರಳೆ ಕಾಣುತ್ತೆ, ಆಮ್ಲ ಇದ್ದರೆ ಹಳದಿ. ಪೆನ್ನು ಹೊಸ ಕಾಗದಕ್ಕೆ ಮಾತ್ರ, ಮೂಲಪತ್ರದ ಮೇಲೆ ಆಡಿಸಬೇಡಿ. ಇನ್ನೊಂದು, ನಾಲ್ಕೂ ಕಡೆ ಮುಚ್ಚದೆ ಎರಡು ಕಡೆ ತೆರೆದಿಡಿ.

ಎ4 ಪತ್ರ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಸುತ್ತ ಎರಡೂವರೆ ಸೆಂ.ಮೀ. ಬಿಟ್ಟು 26 ಕ್ಕೆ 35ರ ಎರಡು ಹಾಳೆ ಕತ್ತರಿಸಿ. ಒಂದನ್ನು ಮೇಜಿನ ಮೇಲೆ ಹಾಸಿ, ಒಗೆದು ಒಗೆದು ನವೆದ ಬಿಳಿ ಪಂಚೆ ತುಂಡಿನಲ್ಲಿ ಒರೆಸಿ. ಹೊಸ ಬಟ್ಟೆ ನೂಲು ಬಿಡುತ್ತೆ. ಈ ಒರೆಸುವಿಕೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತೇ ಪತ್ರವನ್ನು ಜಾರದಂತೆ ಹಿಡಿಯುತ್ತೆ, ಮೇಲೆ ಶಾಪ ಹಾಕಿದ ಗುಣ ಇಲ್ಲಿ ವರ. ಪತ್ರ ಮಧ್ಯಕ್ಕಿಟ್ಟು ಮೇಲೊಂದು ತೂಕ ಇಡಿ. ನಾನು ಬಟ್ಟೆ ಸುತ್ತಿದ ಗ್ರಾನೈಟ್ ತುಂಡು ಇಡುತ್ತೇನೆ.

ಮುಚ್ಚಲು ಎರಡು ದಾರಿ. ಪತ್ರಾಗಾರಗಳು ಬಹುಕಾಲ ಬಳಸಿದ್ದು ಅಕ್ರಿಲಿಕ್ ಗೋಂದಿನ ಎರಡು ಮೈ ಟೇಪು, 3ಎಂ 415 ಅನ್ನುವುದು. ಪತ್ರದ ಅಂಚಿಗೂ ಟೇಪಿಗೂ ಮಧ್ಯೆ ಕನಿಷ್ಠ 3 ಮಿ.ಮೀ. ಜಾಗ ಬಿಡಿ, ಟೇಪು ಸೇರುವ ಮೂಲೆಯಲ್ಲಿ ಗಾಳಿಗೆ ಕಿಂಡಿ ಇರಲಿ. ಅಂಗಡಿಯ ಮಾಮೂಲಿ ಎರಡು ಮೈ ಟೇಪು ಬೇಡ, ಬಿಸಿಲುಗಾಲಕ್ಕೆ ಗೋಂದು ಹರಿಯುತ್ತೆ. ಒಳ್ಳೆಯ ಟೇಪಿನಲ್ಲೂ ಒಂದು ತೊಂದರೆ ಇದೆ. ಪತ್ರ ಒಳಗೆ ಜಾರಿದರೆ ಗೋಂದಿಗೆ ಅಂಟುತ್ತೆ.

ಅದಕ್ಕೇ ನನ್ನ ಒಲವು ಹೊಲಿಗೆ ಯಂತ್ರಕ್ಕೆ. ಹೌದು, ಮನೆಯಲ್ಲಿ ರವಿಕೆ ಹೊಲಿಯುವ ಅದೇ ಯಂತ್ರ. ಹೊಸ ಸೂಜಿ, ಬಿಳಿ ನೂಲು, ಹೊಲಿಗೆ ಉದ್ದಕ್ಕಿರಲಿ. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ತೂತಿನ ಸಾಲಾಗಿ ಹಾಳೆ ಅಲ್ಲೇ ಹರಿಯುತ್ತೆ. ಮೇಲಿನ ಹಾಳೆ ಹೊದಿಸಿ, ಹಳೇ ವಿಸಿಟಿಂಗ್ ಕಾರ್ಡಿನ ಅಂಚಿನಿಂದ ಮಧ್ಯದಿಂದ ಹೊರಕ್ಕೆ ಗಾಳಿ ತಳ್ಳಿ, ನಾಲ್ಕು ಕಡೆ ಬಟ್ಟೆ ಕ್ಲಿಪ್ಪು ಹಾಕಿ. ಪತ್ರದಿಂದ 1 ಸೆಂ.ಮೀ. ದೂರದಲ್ಲಿ ಎಡ ಮತ್ತು ಕೆಳ ಅಂಚು ಹೊಲಿದರೆ ಸಾಕು. ಅಂಟಿಲ್ಲ, ಬಿಸಿ ಇಲ್ಲ, ಬೇಡವಾದ ದಿನ ನೂಲು ಬಿಚ್ಚಿದರೆ ಮುಗಿಯಿತು. ಮೊದಲು ಖಾಲಿ ಹಾಳೆಯ ಮೇಲೆ ಕೈ ಪಳಗಿಸಿಕೊಳ್ಳಿ, ಪಾಲಿಯೆಸ್ಟರ್ ಯಂತ್ರದ ಕೆಳಗೆ ಜಾರುತ್ತೆ.

ಕೊನೆಗೆ ನಾಲ್ಕು ಮೂಲೆಗಳನ್ನು ಉಗುರು ಕತ್ತರಿಯಿಂದ ದುಂಡು ಮಾಡಿ. 75 ಮೈಕ್ರಾನಿನ ಚೂಪು ಮೂಲೆ ಪಕ್ಕದ ಕಾಗದವನ್ನೂ ಸೀಳುತ್ತೆ, ನಿಮ್ಮ ಬೆರಳನ್ನೂ ಬಿಡಲ್ಲ.

ಹೊದಿಕೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯಬೇಡಿ. ಒಂದು ಚೀಟಿಯಲ್ಲಿ ಪೆನ್ಸಿಲಿಂದ ಹಾಳೆಯ ಹೆಸರು, ದಪ್ಪ, ಮುಚ್ಚಿದ ತಿಂಗಳು ಬರೆದು ಒಳಗಿಡಿ. ಹೊದಿಕೆ ಬೆಳಕನ್ನು ತಡೆಯುವುದಿಲ್ಲ, ಆದ್ದರಿಂದ ಗೋಡೆಗೆ ತೂಗುಹಾಕುವ ಆಸೆ ಬಿಡಿ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕುವ ಅಭ್ಯಾಸವನ್ನೂ ಬಿಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಆಗದು, ನಿಮ್ಮ ಆರೋಗ್ಯಕ್ಕೂ ಆಗದು.

ಲೇಪವೇ ಬೇಕಾದ ಕೆಲಸಗಳು

ಇಷ್ಟು ಬೈದ ಮೇಲೆ ನ್ಯಾಯ ಹೇಳಬೇಕು. ಪುಸ್ತಕಕ್ಕೆ ಹುಳು ಬಿದ್ದಾಗ ವಿಷ ಹೊಡೆಯದೆ ಕೊಲ್ಲುವ ಒಂದು ವಿಧಾನವಿದೆ. ಆಮ್ಲಜನಕ ಹೀರುವ ಪೊಟ್ಟಣಗಳ ಜೊತೆ ಪುಸ್ತಕವನ್ನು ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಸುಮಾರು ಮೂರು ವಾರ ಬಿಡುತ್ತಾರೆ. ಬರಿಯ ಪಾಲಿಥಿನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ ಇದು ಆಗದು, ಆಮ್ಲಜನಕ ಮೆಲ್ಲಗೆ ಒಳಗೆ ನುಸುಳುತ್ತಲೇ ಇರುತ್ತೆ. ಅಲ್ಯೂಮಿನಿಯಂ ಲೇಪದ ಅಥವಾ ಎಸ್ಕಾಲ್ ಅನ್ನುವಂಥ ಸೆರಾಮಿಕ್ ಲೇಪದ ಪದರದ ಹಾಳೆಯೇ ಬೇಕು. ಇಂಥ ಹಾಳೆಗಳಲ್ಲಿ ಲೇಪ ಎರಡು ಪದರಗಳ ಹೊಟ್ಟೆಯೊಳಗೆ ಇರುತ್ತೆ, ಪುಸ್ತಕಕ್ಕೆ ತಾಗುವುದು ಒಳಪದರದ ಪಾಲಿಥಿನ್. ತಡೆಯುವ ಕೆಲಸ ಲೇಪದ್ದು, ಮುಟ್ಟುವ ಕೆಲಸ ಬೇರೆಯದ್ದು.

ಹರಿದ ಹಾಳೆ ಗೋಂದಿನಲ್ಲಿ ರಿಪೇರಿ ಮಾಡುವಾಗ ಕೆಳಗೆ ಹಾಸುವ ಸಿಲಿಕೋನ್ ಲೇಪದ ಪಾಲಿಯೆಸ್ಟರೂ ಉಪಕಾರಿ. ಅದಕ್ಕೆ ಗೋಂದು ಹತ್ತುವುದಿಲ್ಲ. ಒಣಗಿದ ಮೇಲೆ ತೆಗೆದುಬಿಡಬೇಕು, ಪತ್ರದ ಜೊತೆ ಒಳಗೆ ಬಿಡಬಾರದು.

ಈಗಾಗಲೇ ಲ್ಯಾಮಿನೇಷನ್ ಆಗಿಬಿಟ್ಟಿದ್ದರೆ

ಸುಲಿಯಬೇಡಿ. ಬಾಯಿಬಿಟ್ಟ ಅಂಚನ್ನು ಎಳೆದರೆ ಕಾಗದದ ಮೇಲ್ಪದರ ಅಕ್ಷರಸಮೇತ ಬರುತ್ತೆ. ಮತ್ತೆ ಇಸ್ತ್ರಿ ಹಾಕಿ ಅಂಟಿಸುವ ಸಾಹಸವೂ ಬೇಡ. ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಆಮೇಲೆ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಸರ್ಕಾರಿ ದಾಖಲೆಗಳ ನಡುವೆ ಇನ್ನೊಂದು ಬಗೆ ಸಿಗುತ್ತೆ, ಮುಟ್ಟಿದರೆ ಬಟ್ಟೆಯಂಥ ತೆಳು ಟಿಶ್ಯೂ, ಕೆಳಗೆ ಮಂಕು ಪ್ಲಾಸ್ಟಿಕ್. ಅದು ಸೆಲ್ಯುಲೋಸ್ ಅಸಿಟೇಟ್. ಅಮೆರಿಕದಲ್ಲಿ 1930ರ ದಶಕದಿಂದ ಯಂತ್ರದ ಬಿಸಿಯಲ್ಲಿ ಅಂಟಿಸುತ್ತಿದ್ದರು. ಯಂತ್ರ ಕೊಳ್ಳಲಾಗದವರಿಗಾಗಿ ನಮ್ಮ ರಾಷ್ಟ್ರೀಯ ಅಭಿಲೇಖಾಲಯ 1950ರ ದಶಕದಲ್ಲಿ ಬಿಸಿಯಿಲ್ಲದೆ, ಹತ್ತಿಯಲ್ಲಿ ಅಸಿಟೋನ್ ಸವರಿ ಅಂಟಿಸುವ ಕೈ ವಿಧಾನವನ್ನು ರೂಪಿಸಿತು. ಆ ಕಾಲಕ್ಕೆ ಅದು ಜಾಣ ದಾರಿಯೇ. ಪುಡಿಯಾಗುತ್ತಿದ್ದ ಎಷ್ಟೋ ಕಡತ ಅದರಿಂದ ಉಳಿಯಿತು. ಆದರೆ ಅಸಿಟೇಟ್ ಹಳತಾದರೆ ವಿನೆಗರ್ ವಾಸನೆ ಬಿಡುತ್ತೆ. ಆ ವಾಸನೆ ಬಂದ ಕಡತವನ್ನು ಉಳಿದವುಗಳಿಂದ ಬೇರೆ ಮಾಡಿ. ಅಸಿಟೋನಿನಲ್ಲಿ ಅದನ್ನು ಮತ್ತೆ ಬಿಡಿಸಬಹುದು, ಪ್ರಯೋಗಾಲಯದಲ್ಲಿ, ಬಲ್ಲವರ ಕೈಯಲ್ಲಿ.

ದೊಡ್ಡಪ್ಪನ ಕ್ರಯಪತ್ರವನ್ನು ನಾನು ಹಾಗೇ ಬಿಟ್ಟಿದ್ದೇನೆ. ಸ್ಕ್ಯಾನ್ ಆಗಿದೆ, ಬಾಯಿಬಿಟ್ಟ ಅಂಚಿಗೆ ಏನೂ ಮಾಡಿಲ್ಲ, ಮಡಿಸದಂತೆ ರಟ್ಟಿನ ಮೇಲೆ ಮಲಗಿಸಿದ್ದೇನೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಹೇಗೂ ಕೆಳಗಿಳಿಸುತ್ತೇವಲ್ಲ, ಆಗ ಟ್ರಂಕೂ ತೆರೆಯುತ್ತೆ. ಹೊದಿಕೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ಮೂಸುತ್ತೇನೆ, ಬೆರಳಲ್ಲಿ ಜಿಗುಟು ನೋಡುತ್ತೇನೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹಳದಿ ಇಳಿದಿದೆಯೇ ನೋಡಿ ಚೀಟಿಯಲ್ಲಿ ಆ ವರ್ಷದ ಮುಂದೆ ಒಂದು ಗೆರೆ ಹಾಕುತ್ತೇನೆ. ದೊಡ್ಡಪ್ಪ ಮಾತ್ರ ಪ್ರತಿ ಸಲ ಕ್ರಯಪತ್ರ ಕೈಗೆತ್ತಿಕೊಂಡು, "ಅಲ್ಲವ್ವ, ನೂರು ವರ್ಷ ಅಂದಿದ್ದನಲ್ಲ ಆ ಹುಡುಗ" ಅಂತಾರೆ.